ಮುದುಕಿಯ ದಾರಿಯಲ್ಲಿ ದಿಮ್ಮಿ

ಮುದುಕಿ ನೀರು ಕುಡಿಯುವಾಗ ಒಳಗಿದ್ದವರು ಮಾತಾಡುವುದಿಲ್ಲ. ಆಡಬಹುದಾದ ಮಾತು ಒಂದೇ: ‘ಬಿಡಿ’.

ಮುದುಕಿ ಎಂದರೆ ಕೋಲ್ಬಿ ಸರೋವರದ ಹಾರುದೋಣಿ, ನೀರಿನಿಂದಲೇ ಎದ್ದು ನೀರಿಗೇ ಇಳಿಯುವ ದೊಡ್ಡ ವಿಮಾನ. ಯುದ್ಧದ ಕಾಲದಲ್ಲಿ ನೌಕಾಪಡೆಯವರು ಸೈನಿಕರನ್ನು ಸಾಗರ ದಾಟಿಸಲು ಕಟ್ಟಿಸಿದ್ದು. ಯುದ್ಧ ಮುಗಿದ ಮೇಲೆ ಗುಜರಿಗೆ ಹೋಗುವುದರಲ್ಲಿತ್ತು. ಆ ಸರೋವರವಿರುವ ದ್ವೀಪದ ಮರದ ಕಂಪನಿಗಳು ಒಟ್ಟಾಗಿ ಅದನ್ನು ಕೊಂಡು, ಹೊಟ್ಟೆಯೊಳಗಿನ ಬೆಂಚುಗಳನ್ನು ಕಿತ್ತು, ಆ ಜಾಗದಲ್ಲಿ ನೀರಿನ ತೊಟ್ಟಿ ಕೂರಿಸಿದವು. ಕಾಡಿಗೆ ಬೆಂಕಿ ಬಿದ್ದರೆ ಅದು ಸರೋವರಕ್ಕಿಳಿದು, ನಿಲ್ಲದೆ, ನೀರಿನ ಮೇಲೆ ಹೊಟ್ಟೆ ಸವರಿಕೊಂಡು ಓಡುತ್ತಲೇ ತೊಟ್ಟಿ ತುಂಬಿಕೊಳ್ಳುತ್ತದೆ. ಎದ್ದುಹೋಗಿ ಬೆಂಕಿಯ ಮೇಲೆ ಸುರಿದು ಮತ್ತೆ ಬರುತ್ತದೆ. ಹೀಗೆ ಹಗಲಿಡೀ.

ಆ ಓಟದಲ್ಲಿ ಕ್ಯಾಪ್ಟನ್ ‘ನಿನ್ನ ಕೈಗೆ’ ಎಂದು ಹೇಳಿ ನಾಲ್ಕು ಎಂಜಿನ್ನುಗಳ ಹಿಡಿಕೆಯನ್ನು ಹಿಂದೆ ಕೂತ ಎಂಜಿನಿಯರನಿಗೆ ಒಪ್ಪಿಸಿಬಿಡುತ್ತಾನೆ. ನೀರು ತುಂಬಿದಷ್ಟೂ ಮುದುಕಿ ಭಾರವಾಗುತ್ತಾಳೆ, ಎಂಜಿನಿಯರ್ ಅಷ್ಟಷ್ಟೇ ಕಸುವು ಕೊಡುತ್ತಾ ಹೋಗಬೇಕು. ಹೆಚ್ಚಾದರೆ ನೀರು ಬಿಟ್ಟು ಏಳುತ್ತಾಳೆ, ಕಡಿಮೆಯಾದರೆ ಕೂತುಬಿಡುತ್ತಾಳೆ. ಒಳಗಿರುವವರು ಮೂವರು. ಮೂವರಲ್ಲಿ ಯಾರಿಗೇ ಆಗಲಿ ದಾರಿಯಲ್ಲಿ ಸಂಶಯದ್ದೇನಾದರೂ ಕಂಡರೆ ‘ಬಿಡಿ’ ಎನ್ನಬೇಕು. ಎಂದಕೂಡಲೆ ಪೂರ್ತಿ ಕಸುವು, ಮೇಲಕ್ಕೆ. ಯಾಕೆ ಅಂದೆ ಎಂದು ಯಾರೂ ಕೇಳುವಂತಿಲ್ಲ. ಮೇಲೇರಿದ ಮೇಲೂ ಇಲ್ಲ, ದಕ್ಕೆಗೆ ಬಂದ ಮೇಲೂ ಇಲ್ಲ, ಕಾಫಿ ಕುಡಿಯುವಾಗಲೂ ಇಲ್ಲ. ಮುದುಕಿಗೊಬ್ಬಳು ತಂಗಿಯಿದ್ದಳು, ಅಂಥದೇ ಇನ್ನೊಂದು ಹಾರುದೋಣಿ. ಅವಳನ್ನು ನೀರಿನಲ್ಲಿದ್ದ ದಿಮ್ಮಿಯೊಂದು ಮೂಗಿನಿಂದ ಬಾಲದವರೆಗೆ ಸೀಳಿತ್ತು. ಬದುಕಿದವನೊಬ್ಬ ಆಸ್ಪತ್ರೆಯಲ್ಲಿ ಹೇಳಿದ್ದ, “ನಂಗೆ ಕಾಣಿಸಿತ್ತು. ಆದ್ರೆ ಹಿಂದಿನ ವಾರ ಸುಮ್ನೆ ‘ಬಿಡಿ’ ಅಂದು ಬೈಸ್ಕೊಂಡಿದ್ದೆ.” ಕೇಳಬಾರದೆಂಬ ಕಟ್ಟುಪಾಡು ಆವತ್ತಿನಿಂದ ಬಂತು.

ತೌನೋ ರಂತಾಲ ಮುದುಕಿಯ ಎಂಜಿನಿಯರ್. ಮೀನು ಹಿಡಿಯುವ ಫಿನ್ನಿಶ್ ಜನರ ಮಗ, ಮಾತು ಕಡಿಮೆ, ಎಂಜಿನ್ನಿನ ಸದ್ದಿನಲ್ಲೇ ಅದರ ಜ್ವರ ಹೇಳುತ್ತಿದ್ದವನು. ಆ ಆಗಸ್ಟಿನ ಮಧ್ಯಾಹ್ನ, ತೊಟ್ಟಿ ಅರ್ಧ ತುಂಬಿದ್ದಾಗ, ಎದುರಿನ ಗಾಜಿನಾಚೆ ನೀರಿನಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಕಂಪನಿಗಳ ತೆಪ್ಪದಿಂದ ತಪ್ಪಿಸಿಕೊಂಡ ದಿಮ್ಮಿಗಳು ಆ ಸರೋವರದಲ್ಲಿ ವರ್ಷಗಟ್ಟಲೆ ನೀರು ಕುಡಿದು, ಬುಡ ಕೆಳಗೆ ತಲೆ ಮೇಲೆ ಮಾಡಿ ನಿಂತುಬಿಡುತ್ತವೆ. ತಲೆ ನೀರಿನ ಮಟ್ಟಕ್ಕಿಂತ ಗೇಣು ಕೆಳಗಿರುತ್ತದೆ. ಬೆಳಿಗ್ಗೆ ಒಂದೆಡೆ ಎದ್ದಿರುತ್ತದೆ, ಮಧ್ಯಾಹ್ನ ಹುಡುಕಿದರೆ ಇರುವುದಿಲ್ಲ.

“ಬಿಡಿ,” ಎಂದ ತೌನೋ.

ಕೈ ತಾನಾಗಿ ಹಿಡಿಕೆಗಳನ್ನು ಕೊನೆಯವರೆಗೆ ತಳ್ಳಿತು. ಮುದುಕಿ ನೀರು ಕೊಡವಿಕೊಂಡು ಎದ್ದಳು. ಎಡಗಡೆ ಕೂತಿದ್ದ ಕ್ಯಾಪ್ಟನ್ ಮರ್ಡೋ ಪೆಟ್ರಿಗೆ ಏನೂ ಕಂಡಿರಲಿಲ್ಲ. ಬಲಗಡೆ ಕೂತಿದ್ದ ಸಹ ಪೈಲಟ್ ಲೆನ್ ಹಾಸ್ಕಿನ್ಸನಿಗೂ ಕಂಡಿರಲಿಲ್ಲ. ಯಾರೂ ಕೇಳಲಿಲ್ಲ. ಅರ್ಧ ತೊಟ್ಟಿ ಹೊತ್ತು ಹೋಗಿ ಪ್ರಯೋಜನವಿರಲಿಲ್ಲ, ಬೆಟ್ಟ ಬಳಸಿ ಬಂದು ಮತ್ತೆ ನೀರಿಗಿಳಿಯುವುದೊಂದೇ ಇದ್ದದ್ದು.

ಅಷ್ಟು ಹೊತ್ತು ಬೆಂಕಿ ಬಿದ್ದಿದ್ದ ಗುಡ್ಡದ ಮೇಲಿನಿಂದ ರೇಡಿಯೋದಲ್ಲಿ ಒಂದು ದನಿ ಬರುತ್ತಿತ್ತು. ಅದು ರಾಸ್ ಪೆಟ್ರಿಯದು. ಮರ್ಡೋನ ತಮ್ಮ, ಮರ ಕಡಿಯುವ ತಂಡದ ಮೇಸ್ತ್ರಿ. ತನ್ನವರನ್ನೆಲ್ಲ ಇಳಿಸಿ ಕಳಿಸಿ, ನೀರಿನ ಪೈಪು ಸುತ್ತಲು ತಾನೊಬ್ಬ ಉಳಿದಿದ್ದ.

“ಏನಣ್ಣಾ, ಮುದುಕಿ ಇನ್ನೂ ತಲೆ ಬಾಚ್ಕೋತಾ ಇದಾಳಾ? ಬೇಗ ಬರಕ್ಕೇಳು. ಇಲ್ಲಿ ನನ್ನ ಪ್ಯಾಂಟು ಬಿಸಿಯಾಗ್ತಿದೆ.”

“ಬರ್ತಾ ಇದೀವಿ ಕಣೋ,” ಎಂದ ಮರ್ಡೋ.

ಆಮೇಲೆ ರೇಡಿಯೋ ಕರಕರ ಎಂದಿತಷ್ಟೆ. ಅವರು ಗುಡ್ಡ ತಲುಪಿದಾಗ ಬೆಂಕಿ ರಸ್ತೆ ದಾಟಿ ಆಚೆ ಬದಿಗೆ ಹೋಗಿತ್ತು. ಮರ್ಡೋ ಹೊಗೆಯೊಳಕ್ಕೇ ತೂರಿಹೋಗಿ ತೊಟ್ಟಿ ಬರಿದುಮಾಡಿದ. ಕರಿಯ ನೆಲದಿಂದ ಬಿಳಿಯ ಆವಿ ಎದ್ದಿತು. ಕೆಳಗೆ ಯಾರೂ ಕೈ ಬೀಸಲಿಲ್ಲ.

ಆ ಒಂದು ತೊಟ್ಟಿ ನೀರು ಮೊದಲೇ ಬಿದ್ದಿದ್ದರೆ ರಾಸ್ ಉಳಿಯುತ್ತಿದ್ದನೇ ಎಂದು ಯಾರಿಂದಲೂ ಹೇಳಲಾಗುತ್ತಿರಲಿಲ್ಲ. ಆದರೆ ಊರಿನಲ್ಲಿ ಎಲ್ಲರೂ ಹೇಳಿದರು.

ತೌನೋನ ಮುಂದೆ ಮಾತ್ರ ಯಾರೂ ಏನೂ ಹೇಳಲಿಲ್ಲ, ಕೇಳಲಿಲ್ಲ. ಕೇಳಿದ್ದರೆ ದಿಮ್ಮಿ ಇತ್ತು ಎಂದು ಹೇಳಬಹುದಿತ್ತು. ತಾನಾಗಿ ಬಾಯಿಬಿಟ್ಟರೆ ತಪ್ಪಿತಸ್ಥ ಮುಂಗಡವಾಗಿ ನೆಪ ಹೇಳಿದಂತೆ ಕೇಳುತ್ತದೆ. ಹೀಗಾಗಿ ಆ ದಿಮ್ಮಿ ಅವನ ಬಾಯೊಳಗೇ ನಿಂತುಬಿಟ್ಟಿತು. ರಾಸ್‌ನ ಅಂತ್ಯಕ್ರಿಯೆಯ ದಿನ ಚರ್ಚಿನ ಹಜಾರದಲ್ಲಿ ಜನ ಅವನ ಸುತ್ತ ಜಾಗ ಬಿಟ್ಟು ನಿಂತರು. ರಾಸ್‌ನ ಹೆಂಡತಿ ಎಫಿ ಹತ್ತಿರ ಬಂದಾಗ ಅವನು ಕೈ ಚಾಚಿದ. ಆಕೆ ಆ ಕೈಯನ್ನು ನೋಡಿದಳು, ತಾನು ಕುಡಿದು ಬರಿದಾದ ಟೀ ಕಪ್ಪನ್ನು, ಬಡಿಸುವವನ ಕೈಗೆ ಕೊಡುವಂತೆ, ಅದರಲ್ಲಿಟ್ಟು ಮುಂದೆ ಹೋದಳು. ಅವನು ಆ ಕಪ್ಪನ್ನು ಹಿಡಿದುಕೊಂಡೇ ಪ್ರಾರ್ಥನೆ ಮುಗಿಸಿದ.

ಮರ್ಡೋ ವಾರ ಕಳೆದ ಮೇಲೆ ಅವನನ್ನು ದಕ್ಕೆಯ ಶೆಡ್ಡಿಗೆ ಕರೆಸಿದ. ಅಲ್ಲಿ ಲೆನ್ ಇದ್ದ, ದಕ್ಕೆಯ ಕೆಲಸಗಾರ ಆರ್ಚಿ ಇದ್ದ, ದ್ವೀಪದಾಚೆಯ ದೊಡ್ಡ ನೆಲದ ಕಡೆಯಿಂದ ಬಂದ ಪೀಟ್ ಎಂಬ ಹೊಸ ಎಂಜಿನಿಯರನಿದ್ದ. ಎಲ್ಲರೂ ಇರುವಾಗಲೇ ಮರ್ಡೋ ಶುರು ಮಾಡಿದ.

“ತೌನೋ, ನಿನ್ನ ಕಣ್ಣು ಬಹಳ ಚುರುಕು. ನಮಗ್ಯಾರಿಗೂ ಕಾಣದ್ದು ನಿನಗೆ ಕಾಣುತ್ತೆ. ಅಂಥ ಕಣ್ಣನ್ನ ಅಷ್ಟೆತ್ತರದಲ್ಲಿ ಇಟ್ಟು ಹಾಳುಮಾಡೋದು ಬೇಡ ಅಂತ. ನಾಳೆಯಿಂದ ಕಾವಲು ದೋಣಿ ನಿಂದು.”

ಕಾವಲು ದೋಣಿ ಎಂದರೆ ಮುದುಕಿ ಇಳಿಯುವ ದಾರಿಯನ್ನು ಮೊದಲೇ ಸುತ್ತಿ, ಕೊಂಬೆ ದಿಮ್ಮಿ ಏನಿದ್ದರೂ ಎಳೆದುಹಾಕಿ, ರೇಡಿಯೋದಲ್ಲಿ ‘ಚೊಕ್ಕ’ ಎಂದು ಹೇಳುವ ಸಣ್ಣ ಮೋಟಾರು ದೋಣಿ. ಅಷ್ಟುದಿನ ಅದು ಆರ್ಚಿಯ ಪಾಲಿನದಾಗಿತ್ತು. ಆರ್ಚಿಗೆ ಒಂದು ಕಣ್ಣು ಮಂಜು.

“ನನ್ನ ಸೀಟು?” ಎಂದ ತೌನೋ.

“ಸೀಟು ಎಲ್ಲಿಗೂ ಹೋಗಲ್ಲ. ಪೀಟ್ ಬೆಚ್ಚಗೆ ಇಟ್ಟಿರ್ತಾನೆ. ನೀನೊಂದು ಕೆಲಸ ಮಾಡು. ಆವತ್ತು ನೀನು ಕಂಡಿದ್ದು ಏನೋ ಇರ್ಬೇಕಲ್ಲ, ಅದನ್ನ ಹುಡುಕಿ ತಂದು ಈ ದಕ್ಕೆಗೆ ಕಟ್ಟು. ಅವತ್ತೇ ನಿನ್ನ ಸೀಟು ನಿಂಗೆ. ಏನು ಅಂತ ನಾನು ಕೇಳ್ತಿಲ್ಲ, ನೋಡು. ಕೇಳಬಾರದು.”

ಆರ್ಚಿ ಗಂಟಲಿನಲ್ಲೇ ಲೂನ್ ಹಕ್ಕಿಯ ಕೂಗು ಕೂಗಿದ. ಲೂನ್ ಎಂದರೆ ಆ ಸರೋವರದಲ್ಲಿ ಮುಳುಗೇಳುವ ಕರಿಯ ತಲೆಯ ಹಕ್ಕಿ. ಹುಚ್ಚರು ನಕ್ಕ ಹಾಗೆ ಕೂಗುತ್ತದೆ. ತೌನೋ ಆವತ್ತು ಕಂಡದ್ದು ಅದರ ತಲೆಯನ್ನೇ ಎಂಬುದು ಊರಿನ ಗೇಲಿಯಾಗಿತ್ತು. ಪೀಟ್‌ಗೆ ಅರ್ಥವಾಗದಿದ್ದರೂ ನಕ್ಕ. ಲೆನ್ ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದ.

ಅಂದಿನಿಂದ ತೌನೋ ನೀರಿನ ಮೇಲೆ. ಮೊದಲ ದಿನಗಳಲ್ಲಿ ಅವನಿಗೆ ಎಲ್ಲೆಲ್ಲೂ ದಿಮ್ಮಿಯೇ. ಮೋಡದ ನೆರಳು ಬಿದ್ದರೆ ದಿಮ್ಮಿ, ಗಾಳಿ ಗೀರಿದರೆ ದಿಮ್ಮಿ. ‘ನಿಲ್ಲಿ, ಇನ್ನೊಂದು ಸಲ ನೋಡ್ತೀನಿ’ ಎಂದು ಮತ್ತೆ ಮತ್ತೆ ರೇಡಿಯೋದಲ್ಲಿ ಹೇಳಿ ಮುದುಕಿಯನ್ನು ಆಕಾಶದಲ್ಲಿ ಸುತ್ತಿಸಿದ. ಒಂದು ಸಲವೂ ಏನೂ ಸಿಗಲಿಲ್ಲ. ಆಗ ಮರ್ಡೋ ಹೊಸ ಆಜ್ಞೆ ಕೊಟ್ಟ: ದೋಣಿಯಿಂದ ಬರುವ ‘ನಿಲ್ಲಿ’ಗೆ ಇನ್ನು ಬೆಲೆಯಿಲ್ಲ. ದಿಮ್ಮಿ ಕಂಡರೆ ಮೊದಲು ಹಗ್ಗ ಕಟ್ಟಬೇಕು, ಆಮೇಲೆ ಬಾಯಿ ತೆಗೆಯಬೇಕು.

ದಿನದ ಕೊನೆಯ ಸುತ್ತು ಮುಗಿಸಿ ಬರುವಾಗ ಮರ್ಡೋ ತೊಟ್ಟಿಯ ತಳದಲ್ಲಿ ಒಂದಿಷ್ಟು ನೀರು ಉಳಿಸಿಕೊಂಡಿರುತ್ತಿದ್ದ. ದೋಣಿಯ ನೆತ್ತಿಯ ಮೇಲೆ ಬಂದು ತೊಟ್ಟಿಯ ಬಾಗಿಲು ತೆರೆಯುತ್ತಿದ್ದ. ತೌನೋ ಊಟದ ಡಬ್ಬಿ, ಕಾಫಿಯ ಫ್ಲಾಸ್ಕು, ಹೆಂಡತಿ ಸುತ್ತಿಕೊಟ್ಟ ಏಲಕ್ಕಿ ಬ್ರೆಡ್ಡು ಎಲ್ಲ ತೊಯ್ದು, ದೋಣಿಯೊಳಗಿನ ನೀರು ಮೊಗೆಯುತ್ತಾ ಕೂರುತ್ತಿದ್ದ. ದಕ್ಕೆಯ ಮೇಲಿದ್ದವರಿಗೆ ಅದೊಂದು ಸಂಜೆಯ ಆಟವಾಯಿತು. ಕುರ್ಚಿ ತಂದು ಹಾಕಿಕೊಳ್ಳುತ್ತಿದ್ದರು. ಬೇಸಿಗೆಯ ರಜೆಯ ಮಕ್ಕಳೂ ಬರುತ್ತಿದ್ದರು. ಅವರ ನಡುವೆ ತನ್ನ ಮಗಳು ಕಿರ್ಸ್ತಿಯೂ ಒಂದು ದಿನ ನಿಂತಿದ್ದನ್ನು ತೌನೋ ನೋಡಿದ. ಎಲ್ಲ ಮಕ್ಕಳೂ ಲೂನ್ ಕೂಗು ಹಾಕುತ್ತಿದ್ದವು. ಒಂಟಿಯಾಗಬಾರದೆಂದು ಅವಳೂ ಕೂಗುತ್ತಿದ್ದಳು.

ಆ ವಾರದ ಶನಿವಾರ ಅವನು ಎಂದಿನಂತೆ ಸೌನಾಕ್ಕೆ ಬೆಂಕಿ ಹಾಕಿದ. ಅವನ ಮನೆಯ ಹಿಂದೆ ನೀರಂಚಿನಲ್ಲಿ ಅವನೇ ಕಟ್ಟಿದ ಸೀಡರ್ ಮರದ ಆವಿಯ ಕೋಣೆ ಅದು. ಶನಿವಾರ ಸಂಜೆಯಾದರೆ ಮುದುಕಿಯ ಜನವೆಲ್ಲ ಅಲ್ಲಿರುತ್ತಿದ್ದರು. ಬೆವರು ಹರಿಸಿ, ಸರೋವರಕ್ಕೆ ಹಾರಿ, ಹೊಗೆಯಾಡಿಸಿದ ಮೀನು ತಿಂದು ಹೋಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಹೊತ್ತು ಮೇಲಿನ ಹಲಗೆಯ ಮೇಲೆ ಕೂರುತ್ತಿದ್ದವನು ರಾಸ್.

ತೌನೋನ ಹೆಂಡತಿ ಐಲಿ ಬಾಗಿಲಲ್ಲಿ ನಿಂತು ನೋಡಿದಳು.

“ಇನ್ನೂ ಎಷ್ಟು ಸೌದೆ ತುಂಬ್ತೀಯ? ಯಾರೂ ಬರಲ್ಲ.”

“ಲೆನ್ ಬರ್ತಾನೆ.”

“ಲೆನ್‌ಗೆ ಮೂರು ಮಕ್ಕಳು, ಒಬ್ಬ ಮರ್ಡೋ. ಬರೋ ವರ್ಷ ಅವನನ್ನ ಕ್ಯಾಪ್ಟನ್ ಮಾಡ್ತಾರಂತೆ. ಅವನಿಗೆ ನಿನ್ನ ಸೌನಾ ಯಾಕೆ ಬೇಕು?”

“ದಿಮ್ಮಿ ಇತ್ತು, ಐಲಿ.”

“ಇತ್ತು ಅಂತಲೇ ಇಟ್ಕೋ.”

“ಇಟ್ಕೊಳ್ಳೋದಲ್ಲ. ಇತ್ತು.”

“ಸರಿ ಮಾರಾಯ, ಇತ್ತು. ನಾನು ಬೆಳಗಾದ್ರೆ ಅಡುಗೆಶೆಡ್ಡಲ್ಲಿ ಬೆಂಕಿ ಆರಿಸೋ ತಂಡಕ್ಕೆ ಬ್ರೆಡ್ಡು ಕಟ್ಟಬೇಕು. ಅಲ್ಲಿ ಹೆಂಗಸರು ನನ್ನ ಮೇಜಿಗೆ ಬೆನ್ನು ಹಾಕ್ಕೊಂಡು ಬೆಣ್ಣೆ ಸವರ್ತಾರೆ. ನನ್ನ ಕೈಯಿಂದ ಚಾಕು ಈಸ್ಕೊಳ್ಳಲ್ಲ, ಮೇಜಿನ ಮೇಲಿಡು ಅಂತಾರೆ. ನೀನು ಆ ಮರದ ತುಂಡಿನ ಮೇಲೆ ಕೂತಿರು, ನಾನೂ ಕಿರ್ಸ್ತಿನೂ ಮುಳುಗ್ತೀವಿ.”

“ಸಿಕ್ಕರೆ ಎಲ್ಲ ಸರಿಹೋಗುತ್ತೆ.”

“ಏನು ಸರಿಹೋಗುತ್ತೆ? ರಾಸ್ ಎದ್ದು ಬಂದು ಮೇಲಿನ ಹಲಗೆ ಮೇಲೆ ಕೂರ್ತಾನಾ?”

ರಸ್ತೆಯಲ್ಲಿ ಲೆನ್‌ನ ಪಿಕಪ್ ಬಂತು. ಮನೆಯ ಹತ್ತಿರ ವೇಗ ಇಳಿಯಿತು. ಹಿಂದೆ ಕೂತವರಾರೋ ಲೂನ್ ಕೂಗು ಹಾಕಿದರು, ಗಾಡಿ ಮುಂದೆ ಹೋಯಿತು. ತೌನೋ ಒಬ್ಬನೇ ಒಳಗೆ ಹೋಗಿ ಕೂತ. ಕಾದ ಕಲ್ಲಿನ ಮೇಲೆ ನೀರು ಹಾಕುವುದನ್ನೂ ಮರೆತು, ಒಣ ಬಿಸಿಯಲ್ಲಿ ಮೂಗು ಉರಿಯುವವರೆಗೆ ಕೂತ.

ಸೆಪ್ಟೆಂಬರಿನಲ್ಲಿ ಮೂಡಣ ಗಾಳಿ ಎದ್ದಿತು. ಒಣ ಗಾಳಿ, ಒಂದೇ ಬೆಳಿಗ್ಗೆಯಲ್ಲಿ ದಿಬ್ಬದಾಚೆಯ ಕಾಡು ಹೊತ್ತಿಕೊಂಡು, ಹೊತ್ತೇರುವಷ್ಟರಲ್ಲಿ ಬೆಂಕಿ ಊರಿನ ಕಡೆ ಮುಖ ಮಾಡಿತು. ಮುದುಕಿ ನೀರು ಹೊತ್ತು ಹೋಗುವುದು, ಬರುವುದು, ಬಿಡುವೇ ಇಲ್ಲ. ಊರಿನ ಜನ ಹಾಸಿಗೆ, ಹೊಲಿಗೆ ಯಂತ್ರ, ಬೆಕ್ಕು ಹಿಡಿದುಕೊಂಡು ದಕ್ಕೆಯ ಹತ್ತಿರ ಬಂದು ಕೂತಿದ್ದರು. ಹೊಗೆಗೆ ಇಳಿಬಿಸಿಲು ಕಿತ್ತಳೆ ಬಣ್ಣವಾಗಿ ನೀರಿನ ಮೇಲೆ ಅಡ್ಡಡ್ಡ ಬಿದ್ದಿತ್ತು.

ಆ ಅಡ್ಡ ಬೆಳಕಿನಲ್ಲೇ ತೌನೋಗೆ ಅದು ಕಂಡಿತು.

ದಾರಿಯ ನಟ್ಟನಡುವೆ. ಪಾಚಿ ಹಿಡಿದ ಕರಿಯ ತಲೆ, ಎರಡು ತೆಕ್ಕೆ ದಪ್ಪ. ಒಂದಿಷ್ಟು ಏಳುವುದು, ಒಂದಿಷ್ಟು ಇಳಿಯುವುದು, ನಿದ್ದೆಯಲ್ಲಿ ಉಸಿರಾಡುವ ಪ್ರಾಣಿಯ ಹಾಗೆ. ತೌನೋಗೆ ಭಯವಾಗಲಿಲ್ಲ. ಜಾತ್ರೆಯ ಗದ್ದಲದಲ್ಲಿ ಕಳೆದುಹೋದ ಮಗು ಸಿಕ್ಕವನಂತೆ ಅವನು ದೋಣಿಯಂಚಿಗೆ ಬಾಗಿದ. “ಇದ್ದೀಯ,” ಎಂದ ದಿಮ್ಮಿಗೆ. “ಎಲ್ಲಿಗೆ ಹೋಗಿದ್ದೆ?”

ಮುದುಕಿ ಆಗಲೇ ದೂರದ ತಿರುವಿನಲ್ಲಿ ಮೂಗು ಬಗ್ಗಿಸಿದ್ದಳು. ಅವನು ರೇಡಿಯೋ ಹಿಡಿದ.

“ದಾರಿಯಲ್ಲಿ ದಿಮ್ಮಿ ಇದೆ. ಇಳೀಬೇಡಿ.”

“ಹಗ್ಗ ಕಟ್ಟಿದೀಯಾ?” ಮರ್ಡೋನ ದನಿ.

“ಕಟ್ತಾ ಇದೀನಿ. ಪಕ್ಕದಲ್ಲೇ ಇದೀನಿ, ಕೈಗೆ ಸಿಗ್ತಾ ಇದೆ.”

“ಕಟ್ಟಿದ ಮೇಲೆ ಮಾತಾಡು. ಊರು ಉರೀತಾ ಇದೆ ಕಣಯ್ಯ, ನಿನ್ನ ಹಕ್ಕಿಗಳಿಗೆ ಈಗ ಪುರುಸೊತ್ತಿಲ್ಲ. ಪಕ್ಕಕ್ಕೆ ಸರಿ.”

“ಸರಿಯೋದಿಲ್ಲ.”

“ಸರೀತೀಯ.”

ತೌನೋ ರೇಡಿಯೋ ಎಸೆದು ಹಗ್ಗದ ಕುಣಿಕೆ ಹಿಡಿದು ಬಗ್ಗಿದ. ಪಾಚಿಗೆ ಹಗ್ಗ ನಿಲ್ಲಲಿಲ್ಲ. ದಿಮ್ಮಿ ತಲೆ ತಗ್ಗಿಸಿತು, ಕುಣಿಕೆ ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಮುದುಕಿ ನೀರು ಮುಟ್ಟಿದ ಸದ್ದು ಕೇಳಿಸಿತು, ಬಟ್ಟೆ ಹರಿದಂಥ ಸದ್ದು. ತಲೆ ಎತ್ತಿದರೆ ಅವಳ ಕೆಂಪು ಹೊಟ್ಟೆ, ಎರಡೂ ಬದಿಗೆ ಬಿಳಿಯ ನೊರೆ, ನೇರ ಅವನ ಕಡೆಗೆ. ಅವನು ದೋಣಿಯನ್ನು ದಿಮ್ಮಿಯ ಮೇಲೇ ನಿಲ್ಲಿಸಿಕೊಂಡು ಎದ್ದು ನಿಂತ. ಹಗ್ಗ ಕೈಯಲ್ಲೇ ಇತ್ತು.

ಆಗ ನಾಲ್ಕು ಎಂಜಿನ್ನುಗಳೂ ಒಮ್ಮೆಲೇ ಗಂಟಲು ಹರಿದು ಕೂಗಿದವು. ಒಳಗೆ ಯಾರೋ ‘ಬಿಡಿ’ ಎಂದಿದ್ದಾರೆ ಎಂದು ತೌನೋಗೆ ಆ ಸದ್ದಿನಲ್ಲೇ ಗೊತ್ತಾಯಿತು. ಮುದುಕಿ ಅವನ ನೆತ್ತಿಯ ಮೇಲೆ ಎದ್ದಳು. ಬಲಗಡೆಯ ಕಿಟಕಿಯಲ್ಲಿ ಲೆನ್‌ನ ಮುಖ ಕಂಡಿತು. ಲೆನ್ ಅವನನ್ನು ನೋಡುತ್ತಿರಲಿಲ್ಲ. ಅವನ ದೋಣಿಯ ಕೆಳಗೆ, ತಿಳಿನೀರಿನೊಳಗೆ, ಬುಡದವರೆಗೂ ನೋಡುತ್ತಿದ್ದ. ಅವನ ಬಾಯಿ ತೆರೆದಿತ್ತು.

ಮರುಕ್ಷಣ ಮುದುಕಿ ಎಬ್ಬಿಸಿದ ಗಾಳಿ ದೋಣಿಯನ್ನು ಎತ್ತಿ ಮಗುಚಿತು.

ಆರ್ಚಿ ಇನ್ನೊಂದು ದೋಣಿಯಲ್ಲಿ ಬಂದು ಅವನನ್ನು ಕೊರಳಪಟ್ಟಿ ಹಿಡಿದು ಎಳೆದುಕೊಂಡ. ತೌನೋ ನಡುಗುತ್ತಾ ಹೇಳುತ್ತಲೇ ಇದ್ದ, “ಅಲ್ಲೇ ಇದೆ, ಅಲ್ಲೇ, ನೋಡು.” ಆರ್ಚಿ ಒಂದು ಸುತ್ತು ಹಾಕಿದ, ಎರಡನೆಯದನ್ನೂ ಹಾಕಿದ. ಮುದುಕಿಯ ಅಲೆ ಆ ಜಾಗವನ್ನೆಲ್ಲ ಕಲಕಿಬಿಟ್ಟಿತ್ತು. ಏನೂ ಇರಲಿಲ್ಲ. ಮಗುಚಿದ ದೋಣಿಯನ್ನು ಎಳೆದುಕೊಂಡು ಬಂದರು. ಅದು ದಾರಿಯಲ್ಲಿದ್ದಷ್ಟು ಹೊತ್ತು ಕೆಲಸ ನಡೆಯುವಂತಿರಲಿಲ್ಲವಾದ್ದರಿಂದ ಮುದುಕಿಯೂ ದೂರದಲ್ಲಿ ಇಳಿದು ತೇಲುತ್ತಾ ದಕ್ಕೆಗೆ ಬಂದಳು.

ಮರ್ಡೋ ದಕ್ಕೆಗೆ ಹಾರಿದವನೇ ದೋಣಿಯ ಬಾಲದಲ್ಲಿ ನೇತಾಡುತ್ತಿದ್ದ ಹಗ್ಗವನ್ನು ಎಳೆದು ತೆಗೆದ. ಖಾಲಿ ಕುಣಿಕೆಯನ್ನು ಎತ್ತಿ ಹಿಡಿದು ಅದರೊಳಗಿನಿಂದ ತೌನೋನನ್ನು ನೋಡಿದ.

“ಬಹಳ ದೊಡ್ಡ ದಿಮ್ಮಿ.”

ಹಾಸಿಗೆಗಳ ಮೇಲೆ ಕೂತ ಊರಿನವರು ನಗಲಿಲ್ಲ. ದಿಬ್ಬದ ಮೇಲೆ ಜ್ವಾಲೆ ಕಾಣಿಸುತ್ತಿತ್ತು. ಎಫಿ ಮೊದಲ ಸಾಲಿನಲ್ಲೇ ನಿಂತಿದ್ದಳು.

“ಜಾರಿತು,” ಎಂದ ತೌನೋ. ಹಲ್ಲು ಕಟಕಟ ಎನ್ನುತ್ತಿದ್ದವು. “ಪಾಚಿ ಇತ್ತು. ಲೆನ್ ನೋಡಿದಾನೆ. ಲೆನ್, ನೀನು ಯಾಕೆ ‘ಬಿಡಿ’ ಅಂದೆ? ಹೇಳು.”

ಯಾರೋ ಉಸಿರೆಳೆದುಕೊಂಡರು. ಆ ಪ್ರಶ್ನೆಯನ್ನು ಆ ದಕ್ಕೆಯ ಮೇಲೆ ಯಾರೂ ಕೇಳಿದ್ದೇ ಇರಲಿಲ್ಲ.

ಲೆನ್ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಿದ್ದ. “ಅದನ್ನ ಕೇಳೋ ಹಾಗಿಲ್ಲ, ತೌನೋ. ನಿಂಗೂ ಯಾರೂ ಕೇಳಲಿಲ್ಲ.”

“ಕೇಳಬೇಕಿತ್ತು. ಯಾರಾದ್ರೂ ಒಬ್ಬರು ಕೇಳಬೇಕಿತ್ತು. ನಾನು ಕೇಳ್ತಿದೀನಿ.”

“ನೀನಲ್ಲ,” ಎಂದ ಮರ್ಡೋ. ಅವನ ಕೈಯ ಕುಣಿಕೆ ಕೆಳಗಿಳಿದಿತ್ತು. ಅವನ ದನಿಯಲ್ಲಿ ಈಗ ಗೇಲಿ ಇರಲಿಲ್ಲ. ವೈದ್ಯರ ಬಾಗಿಲಲ್ಲಿ ನಿಂತವನ ದನಿಯಂತಿತ್ತು. “ನಾನು ಕೇಳ್ತೀನಿ. ಲೆನ್, ಏನು ಕಾಣಿಸ್ತು?”

ಲೆನ್ ಮರ್ಡೋನ ಮುಖ ನೋಡಿದ. ತೌನೋ ಇಬ್ಬರ ಮುಖವನ್ನೂ ನೋಡಿದ. ಮರ್ಡೋನಿಗೆ ಯಾವ ಉತ್ತರ ಬೇಕೆಂಬುದು ಆ ಮುಖದಲ್ಲೇ ಬರೆದಿತ್ತು. ದಿಮ್ಮಿ ಇತ್ತು ಎಂದಾದರೆ ಇಷ್ಟು ದಿನ ದೋಣಿಯ ಮೇಲೆ ಸುರಿದ ನೀರೆಲ್ಲ ಅವನ ತಲೆಯ ಮೇಲೇ ಬೀಳುತ್ತದೆ. ತಮ್ಮ ಸತ್ತದ್ದಕ್ಕೆ ದ್ವೇಷಿಸಲು ಒಬ್ಬ ಮನುಷ್ಯನೂ ಉಳಿಯುವುದಿಲ್ಲ. ಲೆನ್ ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡ.

“ದೋಣಿ,” ಎಂದ. “ದಾರಿಗೆ ದೋಣಿ ಅಡ್ಡ ಇತ್ತು. ಅದಕ್ಕೇ ‘ಬಿಡಿ’ ಅಂದೆ.”

“ಮತ್ತೇನೂ ಇಲ್ಲ?”

“ಮತ್ತೇನೂ ಕಾಣಿಸ್ಲಿಲ್ಲ.”

ಮರ್ಡೋ ಮೂಗಿನಿಂದ ದೀರ್ಘವಾಗಿ ಉಸಿರು ಬಿಟ್ಟ. ಆಮೇಲೆ ತೌನೋನ ಹತ್ತಿರ ಬಂದು, ಬಹಳ ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದ. “ಮನೆಗೆ ಹೋಗು. ನಾಳೆ ಬರಬೇಡ, ಬರೋ ವರ್ಷವೂ ಬರಬೇಡ. ಇಲ್ಲಿ ಕೂತಿರೋ ಮಂದಿಯ ಮನೆಗಳು ಇವತ್ತು ಉರಿದ್ರೆ ಅವರೇ ನಿನ್ನ ಮನೆಗೆ ಬರ್ತಾರೆ, ನಾನು ತಡೆಯಲ್ಲ.” ಕುಣಿಕೆಯನ್ನು ಅವನ ಒದ್ದೆ ಕೊರಳಿಗೆ ಹಾಕಿ, ಅಂಗಿಯ ಪಟ್ಟಿ ಸರಿಮಾಡುವವನಂತೆ ಒಮ್ಮೆ ಸರಿಪಡಿಸಿ, ಹೊರಟ.

“ದಾರಿ ಚೊಕ್ಕ,” ಎಂದು ಆರ್ಚಿ ಕೂಗಿ ಹೇಳಿದ.

ಲೆನ್ ಹಿಂದಿನಿಂದ ಹೋಗುತ್ತಿದ್ದ. ತೌನೋನನ್ನು ದಾಟುವಾಗ ಅವನ ಹೆಜ್ಜೆ ಸ್ವಲ್ಪ ತಡೆಯಿತು. ಕಣ್ಣೆತ್ತಿ ನೋಡಿದ. ಆ ನೋಟದಲ್ಲಿ ಎಲ್ಲವೂ ಇತ್ತು: ದಿಮ್ಮಿ, ಅದರ ಉದ್ದ, ಅದರ ಪಾಚಿ. “ನಂಗೆ ಮೂರು ಮಕ್ಕಳು ಕಣೋ,” ಎಂದ, ತುಟಿ ಅಲುಗದಂತೆ. ಮತ್ತೆ ವಿಮಾನ ಹತ್ತಿದ.

ಹತ್ತಲೇಬೇಕಿತ್ತು. ಬೆಂಕಿ ಇನ್ನೂ ದಿಬ್ಬ ಇಳಿಯುತ್ತಿತ್ತು, ನೀರು ಕುಡಿಯಲು ಮುದುಕಿಗೆ ಆ ದಾರಿಯೊಂದೇ ಇತ್ತು. ದಾರಿಯ ನಡುವೆ ಅದು ಇದೆ ಎಂದು ಈಗ ಇಬ್ಬರಿಗೆ ಗೊತ್ತು. ಒಬ್ಬ ದಕ್ಕೆಯ ಮೇಲಿದ್ದ, ಒಬ್ಬ ಬಲಗಡೆಯ ಸೀಟಿನಲ್ಲಿದ್ದ. ಸೀಟಿನಲ್ಲಿದ್ದವನು ಇನ್ನು ‘ಬಿಡಿ’ ಎನ್ನುವಂತಿರಲಿಲ್ಲ. ಎಂದರೆ ಯಾಕೆ ಎಂದು ಕೇಳುವವನು ಪಕ್ಕದಲ್ಲೇ ಕೂತಿದ್ದ.

ಐಲಿ ಅಡುಗೆಶೆಡ್ಡಿನಿಂದ ಓಡಿಬಂದಳು. ಕೈಯಲ್ಲಿ ಯಾರದೋ ಒಣ ಪ್ಯಾಂಟು, ಉಣ್ಣೆಯ ಅಂಗಿ. ಮೊದಲು ಅವನ ಕೊರಳಿನ ಹಗ್ಗ ತೆಗೆದು ನೀರಿಗೆಸೆದಳು. ಅವನ ಹೆಗಲ ಮೇಲೆ ಕೈಯಿಟ್ಟು, “ಬಾ, ಬಟ್ಟೆ ಬದಲಾಯಿಸು,” ಎಂದಳು. ಅವನು ಅಲುಗಲಿಲ್ಲ. ಅವಳು ಕೈ ತೆಗೆಯಲಿಲ್ಲ.

ಮುದುಕಿ ಎದ್ದಳು, ತಿರುಗಿದಳು, ಇಳಿದಳು. ಬಟ್ಟೆ ಹರಿದಂಥ ಸದ್ದು ಮತ್ತೆ ಕೇಳಿಸಿತು. ಊರಿನವರೆಲ್ಲ ಎದ್ದು ನಿಂತು, ಇವತ್ತು ಮನೆ ಉಳಿಯಲಿ ಎಂದು ಕೈ ಜೋಡಿಸಿ ನೋಡುತ್ತಿದ್ದರು. ತೌನೋನ ಕೈಗಳು ಮುಷ್ಟಿಯಾಗಿದ್ದವು. ಅವನು ಆ ಜಾಗವನ್ನೇ ನೋಡುತ್ತಿದ್ದ. ನೊರೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಅವನ ಗ್ರಹಿಕೆಯೆಲ್ಲ ಕಿವಿಗೆ ಬಂದು ನಿಂತಿತ್ತು. ಲೋಹ ಸೀಳುವ ಒಂದು ಸದ್ದಿಗೆ ಕಾಯುತ್ತಿತ್ತು. ಬಾ, ಎಂದ ಮನಸ್ಸಿನಲ್ಲಿ. ಈಗ ಏಳು. ಒಂದೇ ಒಂದು ಸಲ ತಲೆ ಎತ್ತು.

ಮುದುಕಿ ಆ ಜಾಗದ ಮೇಲೆ ನುಣ್ಣಗೆ ಹಾದು, ಹೊಟ್ಟೆ ತುಂಬಿಸಿಕೊಂಡು, ಭಾರವಾಗಿ ಎದ್ದು ದಿಬ್ಬದ ಕಡೆ ಹೋದಳು. ದಕ್ಕೆಯ ಮೇಲೆ ಜನ ಚಪ್ಪಾಳೆ ತಟ್ಟಿದರು.

ಹೆಗಲ ಮೇಲಿನ ಕೈ ಹೊರಟುಹೋಗಿತ್ತು. ಅವನು ತಿರುಗಿದ. ಐಲಿ ಒಂದು ಹೆಜ್ಜೆ ಹಿಂದೆ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು.

“ಏನು ಬೇಡ್ಕೋತಾ ಇದ್ದೆ?” ಎಂದಳು.

“ಏನೂ ಇಲ್ಲ.”

“ನಾನು ನಿನ್ನ ಮುಖ ನೋಡ್ದೆ, ತೌನೋ. ಮುದುಕಿಯೊಳಗೆ ಲೆನ್ ಇದಾನೆ. ಆ ಹೊಸ ಹುಡುಗ ಇದಾನೆ, ಅವನು ನಿನಗೇನು ಮಾಡಿದಾನೆ?”

“ದಿಮ್ಮಿ ಇದೆ, ಐಲಿ. ಲೆನ್‌ಗೂ ಗೊತ್ತು.”

ಅವಳು ಒಣ ಬಟ್ಟೆಯನ್ನು ಹಲಗೆಯ ಮೇಲಿಟ್ಟಳು. ಕೈಯಿಂದ ಕೈಗೆ ಕೊಡಲಿಲ್ಲ. ಸಂಜೆಯ ಬ್ರೆಡ್ಡು ಕಟ್ಟುವುದು ಇನ್ನೂ ಬಾಕಿಯಿತ್ತು, ಶೆಡ್ಡಿನ ಕಡೆ ನಡೆದುಬಿಟ್ಟಳು.

ದಿಬ್ಬದ ಮೇಲೆ ಬಿಳಿಯ ಆವಿ ಎದ್ದಿತು. ಮುದುಕಿ ಇನ್ನೊಂದು ಸುತ್ತಿಗೆ ತಿರುಗುವ ಸದ್ದು ಕೇಳಿಸಿತು. ತೌನೋ ಬಟ್ಟೆ ಬದಲಾಯಿಸಲಿಲ್ಲ. ಜನರ ನಡುವಿನಿಂದ ದಾರಿ ಮಾಡಿಕೊಂಡು ದಕ್ಕೆಯ ತುದಿಗೆ ಹೋಗಿ, ಅಲ್ಲಿಂದ ಚೆನ್ನಾಗಿ ಕಾಣುತ್ತದೆಂದು, ನಿಂತುಕೊಂಡ.